ಉಸಿರು ಬಿಟ್ಟು ಕಟ್ಟಿದ ಲಾಡಿ

ಒಂದು ಮಾತು ಕೇಳುತ್ತೇನೆ, ನಾಚಿಕೊಳ್ಳದೆ ಹೇಳಿ: ಈ ಸಾಲು ಓದುತ್ತಿರುವ ಗಳಿಗೆಯಲ್ಲಿ ನಿಮ್ಮ ಹೊಟ್ಟೆ ಎಲ್ಲಿದೆ, ಒಳಗೋ ಹೊರಗೋ? ನೋಡಿದಿರಾ, ಕೇಳಿದ ತಕ್ಷಣ ಒಳಗೆ ಎಳೆದುಕೊಂಡಿರಿ. ನಾನೇನು ನಿಮ್ಮೆದುರು ನಿಂತಿಲ್ಲ; ದಾವಣಗೆರೆಯ ಅಂಚಿಗಿರುವ ಶಾಮನೂರಿನ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಹೆಬ್ಬೆರಳಿನಿಂದ ಫೋನು ಕುಟ್ಟುತ್ತಿದ್ದೇನೆ. ಆದರೂ ಎಳೆದುಕೊಂಡಿರಿ. ನೀವು ಹೆಂಗಸಾಗಿದ್ದರಂತೂ ಖಂಡಿತ ಎಳೆದುಕೊಂಡಿರಿ. ಗಂಡಸಾಗಿದ್ದರೆ ಒಮ್ಮೆ ಹೊಟ್ಟೆ ಸವರಿ, ಇದ್ದಲ್ಲೇ ಇದೆಯಲ್ಲ ಎಂದು ಸಮಾಧಾನಪಟ್ಟು ಮುಂದಿನ ಸಾಲಿಗೆ ದಾಟಿದ್ದೀರಿ. ಜಗತ್ತಿನ ಅನ್ಯಾಯಗಳ ಪಟ್ಟಿ ದೊಡ್ಡದಿದೆ ಎಂದು ನನಗೆ ಗೊತ್ತು. ಆದರೆ ನನಗೆ ಸದ್ಯಕ್ಕೆ ಸಿಟ್ಟು ಬಂದಿರುವುದು ಈ ಒಂದೇ ಅನ್ಯಾಯದ ಮೇಲೆ, ಮತ್ತು ಅದು ಬೇಳೆ ಬೇಯುವ ಕುಕ್ಕರಿನಂತೆ ಆಗಾಗ ಕೂಗುವ ಸಿಟ್ಟು.

ಫೋನಿನಲ್ಲಿ ಕನ್ನಡ ಬರೆಯುವುದನ್ನು ಮೊಮ್ಮಗಳು ಇತ್ತೀಚೆಗೆ ಕಲಿಸಿದಳು. ಕಲಿಸುವಾಗಲೇ, ‘ಅಜ್ಜಿ, ಸಿಟ್ಟು ಬಂದಾಗ ಮಾತ್ರ ಬರೀಬ್ಯಾಡ, ಎಲ್ಲಾ ತಪ್ಪು ಒತ್ತಿಬಿಡ್ತೀಯ’ ಎಂದು ಎಚ್ಚರಿಸಿದ್ದಳು. ಸಿಟ್ಟಿಲ್ಲದಾಗ ಬರೆಯಲು ಏನಿರುತ್ತದೆ ಎನ್ನುವುದು ಆ ಮಗುವಿಗೆ ಹೇಗೆ ತಿಳಿಯಬೇಕು? ಸಂತೋಷವಾದಾಗ ಮನುಷ್ಯರು ಹೋಳಿಗೆ ಮಾಡುತ್ತಾರೆ, ಸಿಟ್ಟು ಬಂದಾಗ ಪ್ರಬಂಧ ಬರೆಯುತ್ತಾರೆ. ಇರಲಿ. ಈ ಟೈಪಿಂಗಿನಿಂದ ನಾನು ಒಂದು ಸತ್ಯ ಕಂಡುಕೊಂಡೆ: ಒತ್ತಕ್ಷರ ಹುಡುಕುವಾಗಲೆಲ್ಲ ನನ್ನ ಉಸಿರು ನಿಂತಿರುತ್ತದೆ. ‘ಸಿಟ್ಟು’ ಎಂದು ಬರೆಯುವಷ್ಟರಲ್ಲಿ ಟಕಾರಕ್ಕೆ ಟಕಾರ ಸಿಗುವವರೆಗೂ ಕತ್ತು ಮುಂದೆ, ಭುಜ ಮೇಲೆ, ಉಸಿರು ಗಂಟಲಲ್ಲಿ. ಮಹಾಪ್ರಾಣಗಳು ಬಂದರಂತೂ ನನ್ನ ಅಲ್ಪಪ್ರಾಣವೇ ಹೋದಂತಾಗುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ಬರಹದಲ್ಲಿ ನಾನು ಬೇರೆಯವರಿಗೆ ಉಸಿರಾಡುವುದನ್ನು ಕಲಿಸಲು ಹೊರಟಿದ್ದೇನೆ.

ಬೇರೆಯವರು ಎಂದರೆ ಒಬ್ಬರೇ, ನನ್ನ ಗಂಡನ ಅಕ್ಕ ರುದ್ರಕ್ಕ. ಹರಿಹರದಲ್ಲಿ, ಹೊಳೆಗೆ ಎರಡು ಬೀದಿ ಈಚೆ ಅವಳ ಮನೆ. ನನ್ನ ಯಜಮಾನರು ಹೋಗಿ ಬಹಳ ಕಾಲವಾಯಿತು. ಅವರಿಂದ ನನಗೆ ಉಳಿದ ಸ್ಥಿರಾಸ್ತಿ ಎಂದರೆ ಈ ಅಕ್ಕ. ಐವತ್ತು ವರ್ಷಗಳಿಂದ ನಾವಿಬ್ಬರೂ ಅಖಂಡವಾಗಿ ಜಗಳವಾಡಿಕೊಂಡು ಬಂದಿದ್ದೇವೆ. ಅವಳ ಬೈಗುಳದ ವಿಶೇಷವೆಂದರೆ ಅದಕ್ಕೆ ನಡುವೆ ವಿರಾಮವಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು ಎಂಬಲ್ಲಿ ಶುರುವಾದದ್ದು ನನ್ನ ತವರು ಆನಗೋಡಿನ ಬಾವಿಯ ನೀರಿನ ತನಕ ಒಂದೇ ಉಸಿರಿನಲ್ಲಿ ಹೋಗಿ ಮುಟ್ಟುತ್ತಿತ್ತು. ಅಂಥ ರುದ್ರಕ್ಕ ಈ ಮಳೆಗಾಲದ ಕೊನೆಯಲ್ಲಿ ಒಂದು ದಿನ ಫೋನು ಮಾಡಿ, ನಾನು ಕಳಿಸಿದ ಶೇಂಗಾ ಚಟ್ನಿಪುಡಿಯನ್ನು ಬೈಯಲು ಆರಂಭಿಸಿ, ಅರ್ಧದಲ್ಲಿ ನಿಲ್ಲಿಸಿದಳು. ನಾನು ಫೋನು ಕಿವಿಗೆ ಒತ್ತಿಕೊಂಡು ಕಾದೆ. ಆ ಕಡೆಯಿಂದ ಏದುಸಿರು ಮಾತ್ರ ಕೇಳುತ್ತಿತ್ತು. ಚಟ್ನಿಪುಡಿಯಲ್ಲಿ ಏನು ತಪ್ಪಿತ್ತು ಎನ್ನುವುದು ನನಗೆ ಇವತ್ತಿಗೂ ತಿಳಿದಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಅವಳ ಬೈಗುಳಕ್ಕಾಗಿ ಕಾದಿದ್ದೆ, ಅದು ಬರಲಿಲ್ಲ.

ಡಾಕ್ಟರು ನೋಡಿದರು. ಶ್ವಾಸಕೋಶ ಸೊರಗಿರುವುದು ನಿಜ, ಔಷಧಿ ಕೊಡುತ್ತೇನೆ, ಆದರೆ ಇವರು ಇರುವಷ್ಟನ್ನೂ ಬಳಸುತ್ತಿಲ್ಲ, ಉಸಿರು ಎದೆಯ ಮೇಲ್ಭಾಗಕ್ಕೆ ಬಂದು ಅಲ್ಲಿಂದಲೇ ವಾಪಸು ಹೋಗುತ್ತಿದೆ ಎಂದರಂತೆ. ಹೊಟ್ಟೆಯ ತನಕ ಉಸಿರು ಇಳಿಸುವುದನ್ನು ಕಲಿಯಬೇಕು. ಕಲಿಯದಿದ್ದರೆ ಚಳಿಗಾಲಕ್ಕೆ ಮಂಚದ ಪಕ್ಕದಲ್ಲಿ ಆಮ್ಲಜನಕದ ಯಂತ್ರ, ಮೂಗಿಗೆ ಕೊಳವೆ. ಕಲಿಸಲು ಬಂದ ಆಸ್ಪತ್ರೆಯ ಹುಡುಗಿಯನ್ನು ರುದ್ರಕ್ಕ ಬಾಗಿಲಿಂದಲೇ ಓಡಿಸಿದಳು. ಕೊನೆಗೆ ಅವಳ ಸೊಸೆ ನನಗೆ ಫೋನು ಮಾಡಿ, ‘ಚಿಕ್ಕತ್ತಿ, ನೀವಾದ್ರೂ ಬರ್ರಿ. ಪಾರ್ಕಿನಾಗೆ ಅದೇನೋ ಉಸಿರಿಂದು ಕಲೀತಿದೀರಂತಲ್ಲ. ನಿಮ್ ಮಾತಾದ್ರೆ ಕೇಳ್ತಾರೆ’ ಎಂದಳು. ನನ್ನ ಮಾತು ರುದ್ರಕ್ಕ ಕೇಳುತ್ತಾಳಂತೆ! ಆ ಸೊಸೆ ಆ ಮನೆಗೆ ಬಂದು ಇಪ್ಪತ್ತು ವರ್ಷವಾದರೂ ಏನನ್ನೂ ಗಮನಿಸಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಪಾರ್ಕಿನಲ್ಲಿ ನಾನು ಕಲಿಯುತ್ತಿದ್ದ ಆ ಅದೇನೋ ಒಂದರ ಹೆಸರು ಚೀಗಾಂಗ್. ಚೀನಾ ದೇಶದ ವಿದ್ಯೆ. ನಮ್ಮಲ್ಲಿ ಬೈಯಲು ಬಳಸುವ ಅಕ್ಷರದಿಂದಲೇ ಶುರುವಾಗುತ್ತದಾದ್ದರಿಂದ ನನಗೆ ಮೊದಲ ದಿನವೇ ಆತ್ಮೀಯವೆನಿಸಿತು. ಕಲಿಸುವವರು ಮಂಜಣ್ಣ. ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು; ಹೊಸ ಯಂತ್ರದ ತರಬೇತಿಗೆಂದು ಕಂಪನಿಯವರು ಚೀನಾಕ್ಕೆ ಕಳಿಸಿದ್ದಾಗ ಅಲ್ಲಿನ ಉದ್ಯಾನದಲ್ಲಿ ಮುದುಕ ಮುದುಕಿಯರು ಬೆಳಿಗ್ಗೆ ಗಾಳಿಯಲ್ಲಿ ಕೈಯಾಡಿಸುವುದನ್ನು ನೋಡಿ, ಭಾಷೆ ಬರದಿದ್ದರೂ ಅವರ ಹಿಂದೆ ನಿಂತು ನಿಂತು ಕಲಿತು ಬಂದರು. ಈಗ ನಿವೃತ್ತರಾಗಿ ಶಾಮನೂರಿನ ಹೊಸ ಬಡಾವಣೆಯ ಪಾರ್ಕಿನಲ್ಲಿ ನಮ್ಮಂಥವರನ್ನು ರಿಪೇರಿ ಮಾಡುತ್ತಾರೆ. ಆ ಪಾರ್ಕು ಇರುವ ಜಾಗ ಒಂದು ಕಾಲಕ್ಕೆ ಭತ್ತದ ಗದ್ದೆ. ಎಲ್ಲಿ ನಾನು ಮೊಣಕಾಲು ಮಟ್ಟದ ಕೆಸರಿನಲ್ಲಿ ಬೆನ್ನು ಬಗ್ಗಿಸಿ ನಾಟಿ ಮಾಡಿದ್ದೆನೋ ಅಲ್ಲೇ ಈಗ ಸಿಮೆಂಟಿನ ಬಿಲ್ಲೆಗಳ ಮೇಲೆ ನಿಂತು, ‘ಪಾದದಿಂದ ಭೂಮಿಗೆ ಬೇರು ಇಳೀತಾ ಐತೆ ಅಂತ ಭಾವಿಸ್ರಿ’ ಎಂಬ ಉಪದೇಶ ಕೇಳುತ್ತೇನೆ. ಭಾವಿಸುವುದೇನು ಬಂತು, ಬೇರು ಮೊದಲಿಂದಲೂ ಅಲ್ಲೇ ಇತ್ತು. ಅದರ ಮೇಲೆ ಸಿಮೆಂಟು ಹಾಕಿದವರನ್ನು ನೆನೆದು ಆ ದಿನವೂ ಸಿಟ್ಟು ಬಂದಿತ್ತು.

ವಿದ್ಯೆ ಮಾತ್ರ ನೋಡಲು ಸರಳ. ಪಾದಗಳ ನಡುವೆ ಭುಜದಷ್ಟು ಅಂತರ. ಮೊಣಕಾಲು ಸೆಟೆಯಬಾರದು, ಕುಕ್ಕುರುಗಾಲಿನಷ್ಟು ಬಾಗಲೂಬಾರದು, ಹಿಂದೆ ಒಂದು ಸ್ಟೂಲು ಇದೆ, ಅದರ ಅಂಚಿಗೆ ಕೂರಲೋ ಬೇಡವೋ ಎಂದು ಅನುಮಾನಿಸುವವರ ಹಾಗಿರಬೇಕು. ನೆತ್ತಿಗೆ ದಾರ ಕಟ್ಟಿ ಯಾರೋ ಮೇಲಿನಿಂದ ಹಿಡಿದಿದ್ದಾರೆ ಎಂಬಂತೆ ತಲೆ ನೇರ, ಗದ್ದ ಕೊಂಚ ಒಳಗೆ, ಕಣ್ಣು ಅರೆಮುಚ್ಚಿ, ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಅಂಗುಳಿಗೆ ತಾಗಿ. ಕೈಗಳು ದೊಡ್ಡ ಹರವಿಯೊಂದನ್ನು ತಬ್ಬಿಕೊಂಡ ಹಾಗೆ ಎದೆಯ ಮುಂದೆ. ನಾಲಿಗೆಯನ್ನು ಅಂಗುಳಿಗೆ ಹಚ್ಚಿ ಸುಮ್ಮನೆ ನಿಲ್ಲುವುದು ನನ್ನ ಪಾಲಿಗೆ ಇಡೀ ಸಾಧನೆಯಲ್ಲೇ ಅತಿ ಕಠಿಣ ಘಟ್ಟವಾಗಿತ್ತೆಂದು ಬೇರೆ ಹೇಳಬೇಕಿಲ್ಲ. ಆಮೇಲೆ ಉಸಿರು: ಮೂಗಿನಿಂದ, ಸದ್ದಿಲ್ಲದೆ, ಅವಸರವಿಲ್ಲದೆ, ಬಲವಂತವಿಲ್ಲದೆ, ಒಳಗೆ ಹೋದಾಗ ಹೊಕ್ಕಳಿನ ಕೆಳಗಿನ ಹೊಟ್ಟೆ ತಾನಾಗಿ ತುಂಬಬೇಕು, ಹೊರಗೆ ಬಂದಾಗ ತಾನಾಗಿ ಇಳಿಯಬೇಕು. ಊಟ ಮಾಡಿದ ಕೂಡಲೇ ಬೇಡ, ತಲೆ ತಿರುಗಿದರೆ ಕೂತುಬಿಡಿ. ಇಷ್ಟೇ. ಮಂಜಣ್ಣನವರು ಇದನ್ನೆಲ್ಲ ಕಾರ್ಖಾನೆಯ ಭಾಷೆಗೆ ತರುತ್ತಾರೆ. ‘ಭುಜದ ನಟ್ಟು ಒಂದ್ ಸುತ್ತು ಲೂಸ್ ಮಾಡ್ರಿ ಎಲ್ಲಾರೂ. ಪೂರ್ತಿ ಬಿಚ್ಚಬ್ಯಾಡ್ರಿ ಮತ್ತೆ, ಕೈ ಕಳಚಿ ಬಿದ್ದಾವು. ಸರೋಜಮ್ಮ, ನಿಮ್ಮವು ಜಂಗು ಹಿಡಿದಾವೆ ನೋಡ್ರಿ, ರಿಲ್ಯಾಕ್ಸ್!’

ಈ ರಿಲ್ಯಾಕ್ಸ್ ಎಂಬ ಶಬ್ದವನ್ನು ಕಂಡುಹಿಡಿದವರು ಕೈಗೆ ಸಿಕ್ಕರೆ ಅವರನ್ನು ನಾನು ಸುಮ್ಮನೆ ಬಿಡುವವಳಲ್ಲ. ಮಗ ಹೇಳುತ್ತಾನೆ, ಟೆನ್ಷನ್ ಮಾಡ್ಕಬ್ಯಾಡವಾ. ಡಾಕ್ಟರು ಹೇಳುತ್ತಾರೆ, ಆರಾಮಾಗಿರಿ. ಬಿ.ಪಿ. ನೋಡುವ ನರ್ಸು ತೋಳಿಗೆ ಪಟ್ಟಿ ಬಿಗಿದು, ಗಾಳಿ ತುಂಬಿ, ನೋವಿನಿಂದ ನಾನು ಮುಖ ಕಿವುಚುವಾಗ ಹೇಳುತ್ತಾಳೆ, ಸಡಿಲ ಬಿಡ್ರಿ. ಬಿಗಿಯುವವರೂ ಇವರೇ, ಸಡಿಲ ಬಿಡು ಎನ್ನುವವರೂ ಇವರೇ. ಆಜ್ಞೆ ಮಾಡಿದರೆ ಯಾರಿಗಾದರೂ ನಿದ್ದೆ ಬರುತ್ತದೆಯೇ? ಮಂಜಣ್ಣನವರು ರಿಲ್ಯಾಕ್ಸ್ ಎಂದು ಕೂಗಿದ ಪ್ರತಿ ಸಲವೂ ನನ್ನ ಭುಜ ಒಂದು ಅಂಗುಲ ಮೇಲೇರುತ್ತಿತ್ತು.

ಸಿಟ್ಟಿಗೆ ತುಪ್ಪ ಹೊಯ್ದವರು ಪಾರ್ಕಿನ ಗಂಡಸರು. ಬ್ಯಾಂಕಿನಿಂದ, ಕಾಲೇಜಿನಿಂದ, ಮಂಡಿಯಿಂದ ನಿವೃತ್ತರಾದ ಮಹನೀಯರು. ಬೆಣ್ಣೆದೋಸೆಯ ಊರಿನಲ್ಲಿ ಜೀವಮಾನವಿಡೀ ನಿಷ್ಠೆಯಿಂದ ಬಾಳಿದವರು ಎಂಬುದಕ್ಕೆ ಪ್ರಮಾಣಪತ್ರವನ್ನು ಸೊಂಟದ ಮುಂದೆಯೇ ಹೊತ್ತವರು. ಹೊಟ್ಟೆಯಿಂದ ಉಸಿರಾಡಿ ಎಂದ ಮೊದಲ ದಿನವೇ ಅವರೆಲ್ಲ ಪಾರಂಗತರಾದರು. ಒಬ್ಬೊಬ್ಬರ ಹೊಟ್ಟೆಯೂ ಕಮ್ಮಾರನ ತಿದಿಯಂತೆ ಏರುತ್ತ ಇಳಿಯುತ್ತ, ಮಂಜಣ್ಣನವರಿಂದ ಶಹಬ್ಬಾಸ್ ಗಿಟ್ಟಿಸುತ್ತ, ಅವರ ಮುಖದಲ್ಲಿ ಸಿದ್ಧಪುರುಷರ ಕಳೆ. ಹೆಂಗಸರ ಸಾಲಿನಲ್ಲಿ ನಾವು ಮಾತ್ರ ಎಷ್ಟು ಎಳೆದರೂ ಉಸಿರು ಕುಪ್ಪಸದ ಕೊನೆಯ ಗುಂಡಿಯ ತನಕ ಬಂದು, ಅಲ್ಲಿ ಚೆಕ್‌ಪೋಸ್ಟ್ ಇದ್ದ ಹಾಗೆ ನಿಂತುಬಿಡುತ್ತಿತ್ತು. ಹೆಂಗಸರಿಗೆ ಏಕಾಗ್ರತೆ ಕಡಿಮೆ, ಮನೆಯ ಚಿಂತೆ ತಲೆಯಲ್ಲಿರುತ್ತದೆ ಎಂದು ಗಂಡಸರ ಸಾಲಿನಿಂದ ಯಾರೋ ವಿಶ್ಲೇಷಿಸಿದರು. ನಾನು ನಾಲಿಗೆಯನ್ನು ಅಂಗುಳಿನಿಂದ ಬಿಡಿಸಿಕೊಳ್ಳುವಷ್ಟರಲ್ಲಿ ತರಗತಿ ಮುಗಿದಿತ್ತು.

ಮರುದಿನ ಮಂಜಣ್ಣನವರು ಗಂಡಸರ ಸಾಲಿನಲ್ಲಿ ಓಡಾಡುತ್ತ ಅಂದರು: ‘ಬೆಲ್ಟ್ ಬಿಗಿಯಾಗಿದ್ರೆ ಒಂದ್ ತೂತು ಹಿಂದಕ್ಕೆ ಹಾಕ್ಕೊಳ್ರಿ, ಉಸಿರು ಇಳಿಯಾಕ ಜಾಗ ಬೇಕಲ್ಲ.’ ಹೆಂಗಸರ ಸಾಲಿಗೆ ಬಂದಾಗ ಏನೂ ಅನ್ನದೆ ಆಕಾಶ ನೋಡುತ್ತ ದಾಟಿದರು. ಎಲಾಸ್ಟಿಕ್ ಚಡ್ಡಿಯ ಆ ಸಜ್ಜನರಿಗೆ ನಮ್ಮ ಸೀರೆಯ ಕೆಳಗೆ ಏನಿರುತ್ತದೆ ಎಂಬುದು ತಿಳಿಯದಿದ್ದುದು ಅವರ ಸಭ್ಯತೆ. ಆದರೆ ನನಗಾದರೂ ಹೊಳೆಯಬೇಡವೇ? ಬೆಲ್ಟು ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ನನ್ನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ, ನೆರಿಗೆಯ ಕೆಳಗೆ, ಲಂಗದ ಲಾಡಿ. ಸೀರೆಯನ್ನಷ್ಟೇ ಅಲ್ಲ, ಈ ದೇಹವನ್ನೇ ಎರಡು ತುಂಡು ಮಾಡಿ ಮೇಲಿನದು ಬೇರೆ ಕೆಳಗಿನದು ಬೇರೆ ಎಂದು ಪಾಲು ಹಂಚಿಟ್ಟ ಲಾಡಿ.

ಸೆರಗನ್ನು ಮುಂದಕ್ಕೆ ಎಳೆದುಕೊಂಡು, ಯಾರಿಗೂ ಕಾಣದಂತೆ ಗಂಟಿನ ಒಂದು ತುದಿ ಜಗ್ಗಿ ಸಡಿಲಿಸಿದೆ. ಕಣ್ಣು ಅರೆಮುಚ್ಚಿ ಉಸಿರೆಳೆದೆ. ಅದು ಕುಪ್ಪಸ ದಾಟಿತು, ಪಕ್ಕೆ ದಾಟಿತು, ನಾನು ಎಂದೂ ಹೋಗದ ಊರಿನೊಳಗೆ ಹೋದಂತೆ ಕೆಳಗೆ, ಇನ್ನೂ ಕೆಳಗೆ ಹೋಯಿತು. ನನ್ನ ಹೊಟ್ಟೆ ತುಂಬಿತು. ಊಟವಿಲ್ಲದೆ, ಬಸುರಿಲ್ಲದೆ ತುಂಬಿದ್ದು ಬಹುಶಃ ಅದೇ ಮೊದಲು. ಆ ಆನಂದದಲ್ಲಿ ತೇಲುತ್ತಿರುವಾಗಲೇ ನೆರಿಗೆಗಳು ಒಂದೊಂದಾಗಿ ಇಳಿಯತೊಡಗಿದ ಸುದ್ದಿ ಬಂತು. ಹರವಿ ತಬ್ಬಿದ್ದ ಎರಡೂ ಕೈಗಳನ್ನು ಫಟ್ಟನೆ ಹೊಕ್ಕಳ ಮೇಲೆ ತಂದು ಅಮುಕಿ ಹಿಡಿದೆ. ನನ್ನ ಹಿಂದೆ ನಿಂತು ನನ್ನನ್ನೇ ನೋಡಿ ಮಾಡುತ್ತಿದ್ದ ಹೆಂಗಸರು ಇದೂ ಒಂದು ಭಂಗಿಯೆಂದು ಭಾವಿಸಿ ಫಟ್ಟನೆ ಹೊಕ್ಕಳು ಹಿಡಿದುಕೊಂಡರು. ಅವರನ್ನು ನೋಡಿ ಗಂಡಸರೂ ಹಿಡಿದುಕೊಂಡರು. ಮಂಜಣ್ಣನವರು ಕಣ್ಣು ಬಿಟ್ಟು, ಇಡೀ ಪಾರ್ಕೇ ಹೊಟ್ಟೆನೋವು ಬಂದಂತೆ ನಿಂತಿರುವುದನ್ನು ನೋಡಿ, ‘ಇದ್ಯಾವ ಸ್ಟೆಪ್ಪ್ರಿ? ನಾ ಹೇಳ್ಕೊಟ್ಟಿದ್ದಲ್ಲ ಇದು’ ಎಂದು ಗಾಬರಿಯಾದರು. ‘ಇದು ನಮ್ ಕಡೇದು’ ಅಂದೆ. ಪಾಪ, ಒಪ್ಪಿಕೊಂಡರು.

ನಗು ಬಂತೇ? ನನಗೂ ಬಂತು, ಮನೆಗೆ ಬರುವ ತನಕ. ಸ್ನಾನಕ್ಕೆ ಹೋದಾಗ ಸೊಂಟದ ಸುತ್ತ ಇರುವ ಕಪ್ಪು ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದೆ. ನೇಗಿಲಿನ ಸಾಲಿನಂತೆ ಆಳವಾಗಿ, ಒರಟಾಗಿ ಉಳಿದ ಗೆರೆ. ಎಲ್ಲ ಹೆಂಗಸರಿಗೂ ಇರುತ್ತದೆ, ಯಾರೂ ಮಾತಾಡುವುದಿಲ್ಲ. ಬಳೆ ಕಿವಿಯೋಲೆಗಳ ಜೊತೆಗೆ ಅದನ್ನೂ ಒಂದು ಒಡವೆಯೆಂದೇ ಎಣಿಸಿದ್ದೇವೇನೋ. ಅದನ್ನು ಮುಟ್ಟಿದ ಕೂಡಲೇ ನನ್ನ ಮದುವೆಯ ದಿನ ನೆನಪಾಯಿತು, ನೆನಪಾದದ್ದೇ ನಗು ಇಂಗಿತು.

ಅಂದು ನನ್ನನ್ನು ಸಿಂಗರಿಸಿದವಳು ರುದ್ರಕ್ಕ. ಹರಿಹರದಿಂದ ಬಂದವಳು, ಬಾಗಿಲು ಹಾಕಿ, ಲಂಗದ ಲಾಡಿಯ ಎರಡು ತುದಿಗಳನ್ನು ಎರಡು ಕೈಗೆ ಸುತ್ತಿಕೊಂಡು ನನ್ನೆದುರು ನಿಂತಳು. ‘ಉಸಿರು ಬಿಡು’ ಅಂದಳು. ಬಿಟ್ಟೆ. ‘ಇನ್ನಾ ಬಿಡು.’ ಬಿಟ್ಟೆ. ‘ಪೂರ್ತಿ ಬಿಡಲೇ, ಗಂಡನ ಮನೀಗೆ ಏನ್ ಕಟ್ಕಂಡು ಹೋಗ್ತೀಯ ಅದನ್ನ.’ ಒಳಗೆ ಏನೂ ಉಳಿಯದ ಹಾಗೆ ಬಿಟ್ಟೆ. ಆ ಖಾಲಿಯ ಮೇಲೆ, ಹೊಟ್ಟೆ ಬೆನ್ನಿಗೆ ಅಂಟಿದ ಆ ಗಳಿಗೆಯಲ್ಲಿ, ಮೊಣಕಾಲನ್ನು ನನ್ನ ಸೊಂಟಕ್ಕೆ ಊರಿ ಎಳೆದು ಗಂಟು ಹಾಕಿದಳು. ‘ಇನ್ಮ್ಯಾಲೆ ಹಿಂಗೇ ಕಟ್ಟಬೇಕು. ಉಸಿರು ಬಿಟ್ಟು ಕಟ್ಟಿದ್ರೆ ಲಾಡಿ ಎಂದೂ ಜಾರಲ್ಲ.’ ಜಾರಲಿಲ್ಲ. ಅಂದಿನಿಂದ ಪ್ರತಿ ಬೆಳಿಗ್ಗೆ ನಾನು ಉಸಿರು ಬಿಟ್ಟು ಕಟ್ಟಿದೆ. ನೀರು ಹೊತ್ತೆ, ರೊಟ್ಟಿ ಬಡಿದೆ, ನಾಟಿ ಮಾಡಿದೆ, ಕೂತು ಅತ್ತು, ಮತ್ತೆ ಎದ್ದು ಕಸ ಗುಡಿಸಿದೆ. ಎಲ್ಲವನ್ನೂ ಲಾಡಿಯ ಮೇಲೆ ಉಳಿದ ಅರ್ಧ ಉಸಿರಿನಲ್ಲಿ. ನಮ್ಮ ಕಡೆಯ ಹೆಂಗಸರೆಲ್ಲ ಹೀಗೇ ಕಟ್ಟುತ್ತೇವೆ. ತಾಯಿ ಮಗಳಿಗೆ, ಅತ್ತೆ ಸೊಸೆಗೆ ಹೇಳಿಕೊಟ್ಟ ಶಾಸ್ತ್ರವಿದು. ಅರ್ಧ ಉಸಿರಿನಲ್ಲಿ ಇಷ್ಟು ಮಾಡಿದವರು ಪೂರ್ತಿ ಉಸಿರಿದ್ದರೆ ಏನೇನು ಮಾಡುತ್ತಿದ್ದೆವೋ ಎಂದು ಯೋಚಿಸಿದಾಗ ನನಗೆ ಬಂದ ಸಿಟ್ಟಿಗೆ ಮೇರೆಯೇ ಇರಲಿಲ್ಲ. ಮೈ ಒರೆಸಿಕೊಂಡು, ಅಭ್ಯಾಸಬಲದಿಂದ ಉಸಿರು ಬಿಟ್ಟು ಲಾಡಿ ಕಟ್ಟಿ, ಅದಕ್ಕೂ ಸಿಟ್ಟಾಗಿ, ಸೀರೆ ಉಟ್ಟು, ಹರಿಹರದ ಬಸ್ಸು ಹತ್ತಿದೆ.

ದಾವಣಗೆರೆಯಿಂದ ಹರಿಹರಕ್ಕೆ ದೂರವೇನಿಲ್ಲ. ಸಣ್ಣ ಸಿಟ್ಟಾಗಿದ್ದರೆ ಅರ್ಧ ದಾರಿಗೇ ಆರಿಹೋಗುತ್ತದೆ. ನನ್ನದು ಕೊನೆಯ ತನಕ ಬಿಸಿಯಾಗಿಯೇ ಇತ್ತು. ಕಿಟಕಿಯ ಪಕ್ಕ ಕುಳಿತು ಆಡಬೇಕಾದ ಮಾತುಗಳನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡೆ. ನನ್ನ ಉಸಿರನ್ನು ಐವತ್ತು ವರ್ಷ ಅಡವಿಟ್ಟವಳು ನೀನು; ಈಗ ನಿನ್ನ ಉಸಿರಿಗೂ ಅದೇ ಗತಿಯಾಗಿದೆ; ಕಲಿಸಲು ಬಂದ ಹುಡುಗಿಯಿಂದ ಕಲಿಯಲು ನಿನಗೆ ನಾಚಿಕೆ. ಹೀಗೆ ಸಾಗಿತ್ತು ನನ್ನ ಭಾಷಣ. ಅದರ ನಡುನಡುವೆ ಫೋನಿನಲ್ಲಿ ಕೇಳಿದ್ದ ಆ ಏದುಸಿರು ಬಂದು ಬಂದು ಹೋಗುತ್ತಿತ್ತು. ಸತ್ಯ ಹೇಳಬೇಕೆಂದರೆ ಇಷ್ಟು ಸಿಟ್ಟು ಬರುವುದಕ್ಕೆ ಒಂದಿಷ್ಟು ಹೆದರಿಕೆಯೂ ಬೇಕಾಗುತ್ತದೆ. ಈ ಲೋಕದಲ್ಲಿ ನನ್ನನ್ನು ‘ಸರೋಜಿ’ ಎಂದು ಕರೆಯುವವರು ಈಗ ಒಬ್ಬರೇ ಉಳಿದಿದ್ದಾರೆ.

ರುದ್ರಕ್ಕ ಪಡಸಾಲೆಯಲ್ಲಿ ಕುರ್ಚಿಯ ತೋಳುಗಳನ್ನು ಎರಡೂ ಕೈಯಲ್ಲಿ ಹಿಡಿದು, ಭುಜ ಎತ್ತಿ ಕುಳಿತಿದ್ದಳು. ಇಳಿದುಹೋಗಿದ್ದಳು. ಕಣ್ಣು ಮಾತ್ರ ಹಳೆಯವೇ.

‘ಬಂದೆಯಾ,’ ಎಂದಳು, ಒಂದು ಉಸಿರು ಎಳೆದು. ‘ಪಾರ್ಕಿನ ಪಂಡಿತೆ.’ ಮತ್ತೊಂದು ಉಸಿರು. ‘ಕೂಡು.’

‘ಕೂಡಾಕ ಬಂದಿಲ್ಲಕ್ಕ. ಏಳ್ರಿ, ನಿಂದ್ರಿ. ಲಾಡಿ ಸಡ್ಲ ಮಾಡ್ಕೊಳ್ರಿ.’

ಅವಳ ಮುಖ ಕೆಂಪಾಯಿತು. ಒಳಗೆ ಅಡುಗೆಮನೆಯಲ್ಲಿ ಸೊಸೆಯ ಕೈಯ ಪಾತ್ರೆಯ ಸದ್ದು ನಿಂತಿತು.

‘ಏನಂದಿ?’

‘ಲಾಡಿ ಅಂದೆ. ಉಸಿರು ಇಳಿಯಾಕ ಜಾಗ ಇಲ್ಲ ಅಲ್ಲಿ. ಡಾಕ್ಟ್ರಿಗೆ ಗೊತ್ತಿಲ್ಲ, ನನಗೊತ್ತು. ನೀವ್ ಕಟ್ಟಿದ್ರಲ್ಲ ನನಗೆ, ಮೊಣಕಾಲು ಕೊಟ್ಟು? ಹಂಗೇ ನೀವೂ ಕಟ್ಕಂಡೀರಿ.’

‘ಈ ವಯಸ್ಸಿನಾಗೆ...’ ಉಸಿರು. ‘ಲಾಡಿ ಬಿಚ್ಕಂಡು ನಿಂದ್ರು ಅಂತೀಯ.’ ಉಸಿರು. ‘ನಾಚ್ಕಿ ಆಗಲ್ಲೇನು ನಿನಗೆ?’

‘ನಾಚ್ಕಿ!’ ಎಂದೆ. ಬಸ್ಸಿನಲ್ಲಿ ಜೋಡಿಸಿಕೊಂಡ ಭಾಷಣವೆಲ್ಲ ಒಂದೇ ಸಲ ಬಾಯಿಗೆ ಬಂದು, ಬಾಯಿ ಸಣ್ಣದಾಗಿ, ಏನೂ ಕ್ರಮವಾಗಿ ಹೊರಬರಲಿಲ್ಲ. ಐವತ್ತು ವರ್ಷ ಅವಳೆದುರು ಬಿಡದೆ ಹಿಡಿದಿದ್ದ ‘ರೀ’ ಕೂಡ ಎಲ್ಲೋ ಬಿದ್ದುಹೋಯಿತು. ‘ಮೂಗಿಗೆ ನಳಿಗಿ ಇಟ್ಕಂಡು ಮಲಗಾಕ ನಾಚ್ಕಿ ಇಲ್ಲ ನಿನಗೆ, ಲಾಡಿ ಸಡ್ಲ ಮಾಡಾಕ ನಾಚ್ಕಿ! ನನ್ನ ಉಸಿರು ತಿಂದಿ, ನಿನ್ನುಸಿರೂ ತಿನ್ಕಂಡಿ. ಯಾಕ ಕಟ್ಟಿದಿ ಹಂಗೆ? ಯಾಕ?’

ನಾನು ಬೈಗುಳ ನಿರೀಕ್ಷಿಸಿದ್ದೆ. ಅವಳು ಕಿಟಕಿಯ ಕಡೆ, ಹೊಳೆಯಿರುವ ದಿಕ್ಕಿಗೆ ನೋಡಿದಳು. ಆಮೇಲೆ ತುಂಡುತುಂಡಾಗಿ ಹೇಳಿದಳು. ಉಸಿರಿಗಾಗಿ ಅವಳು ನಿಂತಲ್ಲೆಲ್ಲ ನಾನೂ ಬರೆಯುತ್ತ ನಿಂತರೆ ನಿಮಗೆ ಓದಲಾಗದು, ಆದ್ದರಿಂದ ಕೂಡಿಸಿ ಬರೆದಿದ್ದೇನೆ.

‘ನಾ ಈ ಮನೀಗೆ ಬಂದ ಹೊಸ್ತು. ಹೊಳೀಗೆ ನೀರಿಗೆ ಹೋಗಿದ್ದೆ, ತಲಿಮ್ಯಾಲೆ ತಾಮ್ರದ ಕೊಡ, ಎರಡೂ ಕೈ ಮ್ಯಾಲೆ. ಮೆಟ್ಲು ಹತ್ತುವಾಗ ಲಾಡಿ ಸಡ್ಲಾತು. ಸೀರಿ ಜಾರಾಕ ಹತ್ತಿತು. ಮೆಟ್ಲು ತುಂಬಾ ಜನ. ಕೊಡ ಬಿಟ್ಟು ಸೀರಿ ಹಿಡ್ಕಂಡೆ ನೋಡು. ಕೊಡ ಉಳ್ಳಿ ಉಳ್ಳಿ ಹೊಳಿ ಸೇರ್ತು. ಗಂಡಸ್ರು ನಕ್ಕರು. ಮನೀಗೆ ಬಂದ್ರೆ ಎಲ್ಲಾರೂ ಕೊಡ ಎಲ್ಲಿ ಅಂದ್ರು, ಕೊಡ ಎಲ್ಲಿ ಅಂದ್ರು. ಮಾನ ಉಳೀತಲ್ಲ ತಾಯಿ ಅಂತ ಒಬ್ರೂ ಅನ್ನಲಿಲ್ಲ. ನಮ್ಮತ್ತಿ ಸಾಯೋತನಕ ನನ್ನ ಕೊಡದ ಸೊಸಿ ಅಂತಿದ್ಲು. ನೀನು ಮದ್ವಿಗೆ ಬಂದಾಗ ಹಂಚಿಕಡ್ಡಿ ಇದ್ದಂಗೆ ಇದ್ದೆ, ಸೊಂಟನೇ ಇರಲಿಲ್ಲ ಸೀರಿ ನಿಂದ್ರಾಕ. ಈ ಹುಡುಗಿಗೆ ನನಗಾದಂಗೆ ಆಗಬಾರ್ದು ಅಂತ ಕಟ್ಟಿದೆ. ಯಾಕ ಕಟ್ಟಿದಿ ಅಂತಾಳೆ.’

ಇಂಥ ಸಂದರ್ಭದಲ್ಲಿ ಸಿಟ್ಟು ಕರಗಿತು ಎಂದು ಬರೆಯುವುದು ವಾಡಿಕೆ. ಕರಗಲಿಲ್ಲ. ಸ್ಥಳ ಬದಲಿಸಿತು ಅಷ್ಟೇ. ಇಷ್ಟು ದಿನ ರುದ್ರಕ್ಕನ ಮೇಲಿದ್ದದ್ದು ಆ ಹೊಳೆಯ ಮೆಟ್ಟಿಲಿನ ಮೇಲೆ ನಿಂತು ನಕ್ಕವರ ಮೇಲೆ, ಕೊಡ ಎಲ್ಲಿ ಎಂದು ಕೇಳಿದವರ ಮೇಲೆ ಹೋಗಿ ಕುಳಿತಿತು. ಅವರೆಲ್ಲ ಸತ್ತು ಎಷ್ಟೋ ಕಾಲವಾಗಿದೆ. ಸತ್ತವರ ಮೇಲೆ ಸಿಟ್ಟಾಗುವುದರಷ್ಟು ನಿಷ್ಪ್ರಯೋಜಕವಾದದ್ದು ಬೇರೊಂದಿಲ್ಲ; ಹೊಳೆಯ ಪಾಲಾದ ಕೊಡಕ್ಕೆ ಬಾಯಿ ಬಡಿದುಕೊಂಡ ಹಾಗೆ. ಒಬ್ಬಳು ಹೆಂಗಸಿಗೆ ಆದ ಅವಮಾನವನ್ನು ಅವಳು ಗಂಟು ಮಾಡಿ, ಇನ್ನೊಬ್ಬಳು ಬೀಳದಿರಲಿ ಎಂದು ಅವಳ ಸೊಂಟಕ್ಕೆ ಕಟ್ಟುತ್ತಾಳೆ. ಅದನ್ನು ಕಟ್ಟಿಸಿಕೊಂಡವಳು ಶಿಕ್ಷೆಯೆಂದು ತಿಳಿದು ಐವತ್ತು ವರ್ಷ ಹಲ್ಲು ಕಡಿಯುತ್ತಾಳೆ. ಇಬ್ಬರೂ ಉಸಿರಾಡುವುದಿಲ್ಲ. ನಕ್ಕವರು ಮಾತ್ರ ಹಾಯಾಗಿ, ಹೊಟ್ಟೆ ತುಂಬ ಉಸಿರಾಡಿ ಹೋದರು.

‘ಬಿಚ್ಚಬ್ಯಾಡ್ರಿ ಹಂಗಾರೆ,’ ಎಂದೆ. ಬಿದ್ದಿದ್ದ ‘ರೀ’ಯನ್ನು ಎತ್ತಿಕೊಂಡಿದ್ದೆ. ‘ಲಾಡಿ ಇರ್ಲಿ. ಗಂಟೂ ಇರ್ಲಿ. ಉಸಿರು ಬಿಟ್ಟು ಕಟ್ಟಬ್ಯಾಡ್ರಿ, ಉಸಿರು ತುಂಬ್ಕೊಂಡು ಕಟ್ರಿ. ತುಂಬಿದ ಹೊಟ್ಟಿ ಮ್ಯಾಲೆ ಕಟ್ಟಿದ್ರೆ ಜಾರೋದೂ ಇಲ್ಲ, ಬಿಗಿಯೋದೂ ಇಲ್ಲ.’

ಈ ಮಾತು ನನಗೆ ಎಲ್ಲಿಂದ ಬಂತು ಎಂದು ಕೇಳಬೇಡಿ. ಮಂಜಣ್ಣನವರೂ ಹೇಳಿರಲಿಲ್ಲ, ಚೀನಾದವರಿಗೂ ಗೊತ್ತಿರಲಾರದು. ರುದ್ರಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಕುರ್ಚಿ ಹಿಡಿದು ಎದ್ದು, ಗೋಡೆಗೆ ಕೈಕೊಟ್ಟು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲ ಈಚೆ ನಾನು ಕಿವಿಗೊಟ್ಟು ನಿಂತೆ. ಅಡುಗೆಮನೆಯಿಂದ ಸೊಸೆ ಬಂದು ನನ್ನ ಪಕ್ಕದಲ್ಲಿ ಕಿವಿಗೊಟ್ಟು ನಿಂತಳು. ಒಳಗಿನಿಂದ ಸೀರೆಯ ಸರಬರ ಕೇಳಿತು. ಕೊನೆಗೆ ಒಂದು ನಿಟ್ಟುಸಿರು ಕೇಳಿತು, ಉದ್ದದ್ದು. ಅಷ್ಟು ಉದ್ದದ ಉಸಿರು ಆ ಮನೆಯಲ್ಲಿ ಕೇಳಿ ಎಷ್ಟು ತಿಂಗಳಾಗಿತ್ತೋ, ಸೊಸೆ ನನ್ನ ಕೈ ಹಿಡಿದುಕೊಂಡಳು.

ರುದ್ರಕ್ಕ ಹೊರಗೆ ಬಂದಳು. ಸೀರೆ ನೆಟ್ಟಗಿತ್ತು, ಒಂದು ನೆರಿಗೆಯೂ ಕದಲಿರಲಿಲ್ಲ. ಮೆಲ್ಲಗೆ ಕುರ್ಚಿಯಲ್ಲಿ ಕುಳಿತು, ಯಾರೂ ಹೇಳಿಕೊಡದೆ ತಾನಾಗಿ ಒಂದು ಅಂಗೈಯನ್ನು ಹೊಕ್ಕಳ ಕೆಳಗೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಆ ಕೈ ಮೊದಲು ಅಲುಗಲಿಲ್ಲ. ಆಮೇಲೆ ಸ್ವಲ್ಪವೇ ಮೇಲೆದ್ದಿತು, ಇಳಿಯಿತು. ಮತ್ತೆ ಎದ್ದಿತು. ಭುಜಗಳು ಕಿವಿಯ ಹತ್ತಿರದಿಂದ ಹೊರಟು ತಮ್ಮ ಜಾಗಕ್ಕೆ ಬಂದವು.

ನಾನು ಆಗ ಸುಮ್ಮನಿರಬೇಕಿತ್ತು. ಆದರೆ ವಿದ್ಯೆ ಕಲಿತವರಿಗೆ ಸುಮ್ಮನಿರುವುದು ಎಷ್ಟು ಕಷ್ಟವೆಂದು ನಿಮಗೇ ಗೊತ್ತು. ನೆತ್ತಿಗೆ ದಾರ ಕಟ್ಟೈತೆ ಅನ್ಕೊಳ್ರಿ ಎಂದೆ. ಗದ್ದ ಒಳಗೆ ಎಂದೆ. ನಾಲಿಗಿ ಅಂಗುಳಿಗೆ ಎಂದೆ, ಇದನ್ನು ಎರಡು ಸಲ ಎಂದೆ. ಅವಸರ ಮಾಡಬ್ಯಾಡ್ರಿ, ಬಲವಂತ ಬ್ಯಾಡ, ಮುಖ ಸಡ್ಲ ಬಿಡ್ರಿ, ಹುಬ್ಬು ಬಿಡ್ರಿ, ರಿಲ್ಯಾಕ್ಸ್ ಎಂದೂ ಕೂಗಿದೆ. ಹೌದು, ನನ್ನ ಬಾಯಿಂದಲೇ ಆ ಶಬ್ದ ಬಂತು. ಆ ಹೊತ್ತಿನಲ್ಲಿ ನನ್ನ ಹೊಟ್ಟೆ ಎಲ್ಲಿತ್ತು ಎಂದು ನೀವು ಕೇಳಿದ್ದರೆ, ಓದುಗ ಮಹಾಶಯರೇ, ನಾನೂ ನಿಮ್ಮ ಹಾಗೆಯೇ ಉತ್ತರ ಹೇಳದೆ ಮುಂದಿನ ಸಾಲಿಗೆ ದಾಟುತ್ತಿದ್ದೆ.

ರುದ್ರಕ್ಕ ಒಂದು ಕಣ್ಣು ಮಾತ್ರ ತೆರೆದಳು. ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಹೊಟ್ಟೆಯ ಮೇಲಿನ ಕೈ ನಿಧಾನವಾಗಿ ಮೇಲೆದ್ದಿತು, ತುಂಬಿ ನಿಂತಿತು. ಆಮೇಲೆ, ನಡುವೆ ಎಲ್ಲೂ ತಡೆಯದೆ, ಹಳೆಯ ಕಾಲದ ಹಾಗೆ ಒಂದೇ ಉಸಿರಿನಲ್ಲಿ, ಅಂದಳು:

‘ನಾ ಕಟ್ಟಿದ್ದು ನಿನ್ ಸೊಂಟಕ್ಕೆ ಅಷ್ಟೇ ಕಣೇ ಸರೋಜಿ, ಬಂದಾಗಿಂದ ಆ ಎರಡೂ ಭುಜ ಕಿವಿಗೆ ಕಟ್ಕಂಡು ನಿಂತೀಯಲ್ಲ, ಅವನ್ನ ಕಟ್ಟಿದೋರು ಯಾರು?’